ಒಂದು ಚೌಕಕ್ಕೆ ಒಂದು ಅಕ್ಷರ

ಮುಂಜಾನೆಗೆ ಹಬೆ ಕೂಡಿದರೆ ಕುಂದಾಕ್ಕೆ ಹೆಸರಾದ ಊರು, ನಾಲ್ಕು ಚೌಕ. ಬೆಳಗಾವಿಯವರಿಗೆ ಈ ಸುಳಿವು ಒಡೆಯಲು ಹೆಚ್ಚು ಹೊತ್ತು ಬೇಡ. ಮುಂಜಾನೆ ಅಂದರೆ ಬೆಳಗು, ಹಬೆ ಅಂದರೆ ಆವಿ. ಎರಡೂ ಕೂಡುವಾಗ ನಡುವಿನ ಉಕಾರ ಬಿದ್ದುಹೋಗಿ ಬೆಳಗಾವಿ ನಿಲ್ಲುತ್ತದೆ. ಊರಿಗೆ ಹೆಸರು ಬಂದ ಬಗೆ ಇದಲ್ಲ. ಹಳೆಯ ಶಾಸನಗಳಲ್ಲಿ ಅದು ವೇಣುಗ್ರಾಮ, ಬಿದಿರಿನ ಊರು. ಪದಬಂಧ ಕಟ್ಟುವವರಿಗೆ ಆ ಇತಿಹಾಸದ ಹಂಗಿಲ್ಲ. ಹೆಸರು ಎಲ್ಲಿ ಬಿರುಕು ಬಿಡುತ್ತದೆ, ಬಿಟ್ಟ ತುಂಡುಗಳಿಗೆ ಸ್ವಂತ ಅರ್ಥ ಉಂಟೋ ಇಲ್ಲವೋ ಎಂಬುದಷ್ಟೇ ಅವರ ಚಿಂತೆ.

ರಾಮತೀರ್ಥ ನಗರದ ನಮ್ಮ ಓಣಿಯಲ್ಲಿ ಬೆಳಗಿನ ಪೇಪರು ಬಂದರೆ ಪದಬಂಧದ ಪುಟಕ್ಕೆ ಎಳೆದಾಟ ನಡೆಯುತ್ತದೆ. ದಿನಾ ಕೈಗೆ ಸಿಗುವ ಈ ಆಟ ಕನ್ನಡದ ಲಿಪಿಗೆ ಹೊಂದಿಕೊಂಡದ್ದರ ಹಿಂದೆ ಎರಡು ಆವಿಷ್ಕಾರಗಳಿವೆ. ಒಂದು ಪರದೇಶದ್ದು, ತಾರೀಖು ಸಮೇತ ದಾಖಲಾಗಿರುವಂಥದ್ದು. ಇನ್ನೊಂದು ನಮ್ಮದು, ಎಷ್ಟು ಹಳೆಯದೆಂದರೆ ಅದನ್ನು ಆವಿಷ್ಕಾರವೆಂದು ಕರೆಯುವ ರೂಢಿಯೇ ಇಲ್ಲ.

ಪರದೇಶದ ಕತೆ ಮೊದಲು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಆರ್ಥರ್ ವಿನ್ ಎಂಬ ಪತ್ರಕರ್ತ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಭಾನುವಾರದ ಪುರವಣಿಗೆ ಒಗಟುಗಳನ್ನು ಒದಗಿಸುತ್ತಿದ್ದ. 1913ರ ಡಿಸೆಂಬರ್ 21ರ ಸಂಚಿಕೆಗೆ ಅವನು ವಜ್ರದಾಕಾರದ ಒಂದು ಜಾಲರಿ ಬರೆದು, ನಡುವೆ ಖಾಲಿ ಬಿಟ್ಟು, ಮೇಲಿನ ಮೂರು ಚೌಕಗಳಲ್ಲಿ ಪುರವಣಿಯ ಹೆಸರಾದ 'ಫನ್' ಎಂಬುದನ್ನು ತಾನೇ ತುಂಬಿ ಕೊಟ್ಟ. ಅದಕ್ಕೆ ಅವನಿಟ್ಟ ಹೆಸರು 'ವರ್ಡ್ ಕ್ರಾಸ್'. ಕೆಲವು ವಾರಗಳಲ್ಲೇ ಮೊಳೆ ಜೋಡಿಸುವಾಗ ಹೆಸರು ಹಿಂದುಮುಂದಾಗಿ 'ಕ್ರಾಸ್ ವರ್ಡ್' ಎಂದು ಅಚ್ಚಾಯಿತು, ಅದೇ ನಿಂತಿತು. 1924ರಲ್ಲಿ ಸೈಮನ್ ಮತ್ತು ಶುಸ್ಟರ್ ಪ್ರಕಾಶಕರು ಪೆನ್ಸಿಲು ಕಟ್ಟಿದ ಪದಬಂಧ ಪುಸ್ತಕ ಹೊರತಂದ ಮೇಲೆ ಅಮೆರಿಕಕ್ಕೆ ಅದರ ಹುಚ್ಚೇ ಹಿಡಿಯಿತು.

ವಿನ್ ಕಂಡುಹಿಡಿದದ್ದು ಜಾಲರಿಯನ್ನು. ಅವನ ಸುಳಿವುಗಳು ನೇರವಾದವು, ನಿಘಂಟಿನ ಅರ್ಥವನ್ನು ತಿರುಗಿಸಿ ಕೇಳುವಂಥವು. ಸುಳಿವನ್ನೇ ಒಂದು ಕಲೆಯಾಗಿ ಮಾಡಿದವರು ಇಂಗ್ಲೆಂಡಿನವರು. 1926ರಿಂದ 'ಅಬ್ಸರ್ವರ್' ಪತ್ರಿಕೆಗೆ 'ಟಾರ್ಕ್ವೆಮಾಡಾ' ಎಂಬ ಗುಪ್ತನಾಮದಲ್ಲಿ ಪದಬಂಧ ಕಟ್ಟಿದವನು ಎಡ್ವರ್ಡ್ ಪೋವಿಸ್ ಮ್ಯಾಥರ್ಸ್. ಶಬ್ದವನ್ನು ಒಡೆ, ತಿರುಗಿಸು, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಬಚ್ಚಿಡು ಎಂಬ ದಾರಿ ಅವನಿಂದ ಗಟ್ಟಿಯಾಯಿತು. ಇದೇ ಮ್ಯಾಥರ್ಸ್ 1919ರಲ್ಲಿ ಬಿಲ್ಹಣನ ಹೆಸರಿನಲ್ಲಿರುವ 'ಚೌರಪಂಚಾಶಿಕಾ'ವನ್ನು ಇಂಗ್ಲಿಷಿಗೆ ತಂದವನು. ಬಿಲ್ಹಣ ಕಾಶ್ಮೀರದಿಂದ ಹೊರಟು ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿಯಾದವನು. ಗೂಢ ಸುಳಿವಿನ ಮೊದಲ ಮೇಸ್ತ್ರಿ ಚಾಲುಕ್ಯ ಕಲ್ಯಾಣದ ಕವಿಯ ಶ್ಲೋಕಗಳ ಜೊತೆ ಕಾಲ ಕಳೆದಿದ್ದ ಎಂಬುದು ನನಗೆ ಬಹಳ ಹಿತ ಕೊಡುವ ಸಂಗತಿ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವ ಹಾಗಿಲ್ಲ. ಆದರೆ ಶ್ಲೇಷೆ, ಯಮಕಗಳ ಲೋಕ ಅವನಿಗೆ ಅಪರಿಚಿತವಾಗಿರಲಿಲ್ಲ.

ಲಂಡನ್ನಿನ 'ಟೈಮ್ಸ್' ಮೊದಲಿಗೆ ಈ ಆಟವನ್ನು ಹತ್ತಿರ ಸೇರಿಸಲಿಲ್ಲ. 1930ರ ಫೆಬ್ರವರಿ 1ರಂದು ಅದೂ ಮಣಿಯಿತು. ಅಂದಿನ ಪದಬಂಧ ಕಟ್ಟಿದ ಏಡ್ರಿಯನ್ ಬೆಲ್ ಒಕ್ಕಲುತನ ಮಾಡಿಕೊಂಡಿದ್ದ ಲೇಖಕ, ಅಲ್ಲಿಯವರೆಗೆ ಒಂದನ್ನೂ ಕಟ್ಟಿರಲಿಲ್ಲ. ಮ್ಯಾಥರ್ಸ್ 1939ರಲ್ಲಿ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದ ಡೆರಿಕ್ ಮ್ಯಾಕ್‌ನಟ್ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದ ಮೇಷ್ಟ್ರು. 'ಜಿಮೆನೆಸ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವನು 1966ರ ತನ್ನ ಪುಸ್ತಕದಲ್ಲಿ ಸುಳಿವಿಗೊಂದು ಶಿಸ್ತು ಹಾಕಿಕೊಟ್ಟ. ಸುಳಿವಿನಲ್ಲಿ ಉತ್ತರದ ಅರ್ಥ ಇರಬೇಕು, ಉತ್ತರ ಕಟ್ಟಿದ ಬಗೆ ಇರಬೇಕು, ಇವೆರಡನ್ನು ಬಿಟ್ಟು ಮೂರನೆಯದು ಇರಕೂಡದು. ಎರಡು ದಾರಿ, ಒಂದೇ ಮನೆ. ಒಂದು ದಾರಿಯಲ್ಲಿ ಬಂದವರು ಇನ್ನೊಂದರಿಂದ ತಾಳೆ ನೋಡಿಕೊಳ್ಳಬಹುದು.

ಆ ಶಿಸ್ತು ಯಾಕೆ ಬೇಕು ಎಂಬುದಕ್ಕೆ ಬೆಂಗಳೂರು, ಮುಂಬೈ, ದಿಲ್ಲಿಗಳನ್ನು ಸುತ್ತಿದ ಒಂದು ಮೊಕದ್ದಮೆಯೇ ಸಾಕ್ಷಿ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆ 'ಆರ್.ಎಂ.ಡಿ.ಸಿ. ಕ್ರಾಸ್‌ವರ್ಡ್ಸ್' ಎಂಬ ಬಹುಮಾನದ ಪದಬಂಧ ನಡೆಸುತ್ತಿತ್ತು. ಪ್ರವೇಶಕ್ಕೆ ದುಡ್ಡು ಕಟ್ಟಬೇಕು, ಗೆದ್ದವರಿಗೆ ದೊಡ್ಡ ಬಹುಮಾನ. ಪತ್ರಿಕೆ ಮೈಸೂರು ರಾಜ್ಯದ್ದಾದರೂ ಆಡುವವರು ಮುಂಬೈ ರಾಜ್ಯದಲ್ಲೂ ತುಂಬಿದ್ದರು. ಅಲ್ಲಿ ಅದರ ಏಜೆಂಟರಿದ್ದರು, ನಮೂನೆ ತುಂಬಿ ಕೊಡುವ ಡಿಪೊಗಳಿದ್ದವು. ಬೆಳಗಾವಿ, ಖಾನಾಪುರ ಆಗ ಮುಂಬೈ ರಾಜ್ಯದೊಳಗೆ. ಆ ರಾಜ್ಯ 1948ರಲ್ಲಿ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳಿಗೆ ಕಾಯ್ದೆ ಮಾಡಿದಾಗ ಹೊರಗೆ ಅಚ್ಚಾಗುವ ಪತ್ರಿಕೆಗಳನ್ನು ಬಿಟ್ಟಿತ್ತು. 1952ರ ತಿದ್ದುಪಡಿ ಅವನ್ನೂ ಒಳಗೆ ಎಳೆದು ತೆರಿಗೆ ಹಾಕಿತು. ಸ್ಪರ್ಧೆಯ ಸ್ಥಾಪಕ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಕೋರ್ಟಿಗೆ ಹೋದರು.

1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು; ಬರೆದವರು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್. ಮುಂಬೈ ಸರ್ಕಾರ ಗೆದ್ದಿತು. ಆಡುವವರ ಉತ್ತರ ಎಷ್ಟೇ ಸರಿಯಿದ್ದರೂ, ನಡೆಸುವವರು ಮೊದಲೇ ಮುಚ್ಚಿಟ್ಟ ಉತ್ತರಕ್ಕೆ ಅದು ಹೊಂದಿದರಷ್ಟೇ ಬಹುಮಾನ ಎನ್ನುವುದಾದರೆ ಅದು ಜಾಣತನದ ಆಟವಾಗದು, ಜೂಜಾಗುತ್ತದೆ. ಜೂಜಿಗೆ ವ್ಯಾಪಾರದ ಸ್ವಾತಂತ್ರ್ಯದ ರಕ್ಷಣೆ ಇಲ್ಲ. ಅಷ್ಟರಲ್ಲಿ 1955ರ ಕೇಂದ್ರ ಕಾಯ್ದೆಯೂ ಬಂದಿತ್ತು. ಅದರ ಪ್ರಕಾರ ಇಂಥ ಸ್ಪರ್ಧೆಯ ಬಹುಮಾನ ತಿಂಗಳಿಗೆ 1000 ರೂಪಾಯಿ ಮೀರಕೂಡದು, ಪ್ರವೇಶಗಳು 2000 ದಾಟಕೂಡದು. ತೀರ್ಪಿನ ಹೊತ್ತಿಗೆ ನಕ್ಷೆಯೂ ಬದಲಾಗಿತ್ತು: 1956ರ ನವೆಂಬರ್ 1ಕ್ಕೆ ಬೆಳಗಾವಿ ಮೈಸೂರು ರಾಜ್ಯ ಸೇರಿ, ಪದಬಂಧ ಅಚ್ಚಾಗುವ ಬೆಂಗಳೂರೂ ನಾವೂ ಒಂದೇ ರಾಜ್ಯದವರಾಗಿದ್ದೆವು.

ಈ ತೀರ್ಪನ್ನು ಕಾನೂನಿನವರು ತೆರಿಗೆಗಾಗಿ, ರಾಜ್ಯದ ಗಡಿಯ ಪ್ರಶ್ನೆಗಾಗಿ ಓದುತ್ತಾರೆ. ನಾನು ಅದನ್ನು ಸುಳಿವಿನ ಶಾಸ್ತ್ರವಾಗಿ ಓದುತ್ತೇನೆ. ಕನ್ನಡದ ಪದಬಂಧದಲ್ಲಿ 'ಬೆಟ್ಟ, ಎರಡು ಚೌಕ' ಎಂದು ಕೇಳಿದರೆಂದುಕೊಳ್ಳಿ. ಗಿರಿ ಸರಿ, ಮಲೆ ಸರಿ, ಗುಡ್ಡ ಸರಿ, ಶೈಲ ಸರಿ, ಅದ್ರಿಯೂ ಸರಿ. ಸಂಸ್ಕೃತ, ದೇಶ್ಯ, ತದ್ಭವ ಎಲ್ಲವೂ ಒಟ್ಟಿಗಿರುವ ನುಡಿಯಲ್ಲಿ ನೇರ ಸುಳಿವು ಇಂಗ್ಲಿಷಿಗಿಂತ ಹೆಚ್ಚು ಲಾಟರಿ. ಅದನ್ನೇ 'ಹೂಮಾಲೆಯ ದೀರ್ಘ ಇಳಿದರೆ ಬೆಟ್ಟ' ಎಂದು ಕೇಳಿ ನೋಡಿ. ಮಾಲೆಯ ದೀರ್ಘ ಕಳೆದರೆ ಮಲೆ. ಬೇರೆ ಯಾವುದೂ ಅಲ್ಲಿ ಕೂರದು. ಉತ್ತರ ಸರಿಯೆಂದು ತಿಳಿಯಲು ನಾಳೆಯ ಪೇಪರು ಕಾಯಬೇಕಿಲ್ಲ.

ಇನ್ನು ನಮ್ಮ ಆವಿಷ್ಕಾರ. ಇಂಗ್ಲಿಷಿನ ಜಾಲರಿಯಲ್ಲಿ ಒಂದು ಚೌಕಕ್ಕೆ ಒಂದು ಲೆಟರು. 26 ಲೆಟರು, ಲೆಕ್ಕ ಮುಗಿಯಿತು. ಕನ್ನಡದಲ್ಲಿ ಚೌಕದೊಳಗೆ ಏನು ಹಾಕಬೇಕು? 'ಕನಸು' ಎಂಬ ಪದವನ್ನು ವ್ಯಾಕರಣದ ಪ್ರಕಾರ ಬಿಡಿಸಿದರೆ ಕ್, ಅ, ನ್, ಅ, ಸ್, ಉ ಎಂದು ಆರು ವರ್ಣ, ಅಂದರೆ ಆರು ಚೌಕ. ನಾವು ಯಾರೂ ಹಾಗೆ ಬರೆಯುವುದಿಲ್ಲ. ಕ, ನ, ಸು, ಮೂರು ಚೌಕ. ಕಾಗುಣಿತ, ಒತ್ತು, ಸೊನ್ನೆ ಎಲ್ಲವನ್ನೂ ಹೊತ್ತುಕೊಂಡು ಒಂದು ಅಕ್ಷರ ಒಂದೇ ಚೌಕದಲ್ಲಿ ಕೂರುತ್ತದೆ. 'ಸ್ತ್ರೀ' ಎಂಬ ಪದದಲ್ಲಿ ಮೂರು ವ್ಯಂಜನ, ಒಂದು ದೀರ್ಘ ಸ್ವರ. ಆದರೂ ಚೌಕ ಒಂದೇ. ಇನ್ನೊಂದು ಪದ ಅದನ್ನು ಹಾಯ್ದು ಹೋಗಬೇಕಾದರೆ ಆ ಪದದಲ್ಲೂ 'ಸ್ತ್ರೀ' ಇಡಿಯಾಗಿ ಇರಬೇಕು. 'ಶಾಸ್ತ್ರೀಯ' ಹಾಗೆ ಹಾಯುತ್ತದೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಹತ್ತಿರದಲ್ಲಿರುವಾಗ 'ಗಂಧರ್ವರ ಸಂಗೀತದ ನಡುವೆ ಹೆಣ್ಣು' ಎಂದು ಸುಳಿವು ಕೊಡಲು ನನಗೆ ಸಂತೋಷ.

ಕಟ್ಟುವವರ ಕಷ್ಟ ಇಲ್ಲೇ ಶುರು. 34 ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಹಿಡಿದರೆ ಒತ್ತಕ್ಷರ ಬರುವ ಮೊದಲೇ ಐನೂರಕ್ಕೂ ಮಿಕ್ಕ ಅಕ್ಷರಗಳಾದವು. ಅಡ್ಡ ಪದದ 'ಗಾ' ಉದ್ದ ಪದಕ್ಕೂ 'ಗಾ'ವೇ ಆಗಬೇಕು. 'ಗ' ಆದರೆ ನಡೆಯದು, 'ಗಿ' ಆದರೂ ನಡೆಯದು. ಹೀಗಾಗಿ ನಮ್ಮ ಜಾಲರಿಯಲ್ಲಿ ಕಪ್ಪು ಚೌಕ ಹೆಚ್ಚು, ಪದ ಗಿಡ್ಡ. 'ಬಸ್' ಎಂದು ಬರೆದರೆ ಕೊನೆಯ 'ಸ್' ಒಂದು ಚೌಕ ಹಿಡಿದು, ಅದನ್ನು ಹಾಯಲು ಮತ್ತೊಂದು ಪದ ಸಿಗದೆ ಒದ್ದಾಡಬೇಕು. 'ಬಸ್ಸು' ಎಂದರೆ ಸಲೀಸು. ಸ್ವರದಲ್ಲಿ ಮುಗಿಯುವ ಕನ್ನಡದ ಗುಣ ಜಾಲರಿಯಲ್ಲಿ ಕಣ್ಣಿಗೇ ಕಾಣುತ್ತದೆ. ಬಿಡಿಸುವವರಿಗೆ ಮಾತ್ರ ಇದೆಲ್ಲ ಲಾಭವೇ. ಇಂಗ್ಲಿಷಿನಲ್ಲಿ ಒಂದು 'ಇ' ಸಿಕ್ಕರೆ ಏನೂ ಸಿಕ್ಕಂತಲ್ಲ; ಕನ್ನಡದಲ್ಲಿ ಒಂದು 'ರ್ಥ' ಸಿಕ್ಕರೆ ರಾಮತೀರ್ಥದ ಅರ್ಧ ದಾರಿ ನಡೆದಂತೆ.

ಒಮ್ಮೆ ಕಾಗದದ ಮೇಲೆ ಗೀಚುತ್ತಿದ್ದಾಗ ಮೂರು ಸಾಲು ತಾವಾಗಿ ಕೂಡಿದವು. ಮೊದಲ ಸಾಲು ಕನಕ, ಎರಡನೆಯದು ನಯನ, ಮೂರನೆಯದು ಕನಸು. ಒಂದರ ಕೆಳಗೆ ಒಂದು ಬರೆದು ಮೇಲಿನಿಂದ ಕೆಳಕ್ಕೆ ಓದಿದರೆ ಮತ್ತೆ ಕನಕ, ನಯನ, ಕನಸು. ವರ್ಣಗಳನ್ನು ಒಡೆದು ಒಂದೊಂದು ಚೌಕಕ್ಕೆ ಹಾಕಿದ್ದರೆ ಸಾಲಿಗೆ ಆರರಂತೆ ಮೂರೇ ಸಾಲಾಗಿ, ಕೆಳಕ್ಕೆ ಓದುವಾಗ ಈ ಚಂದ ಹುಟ್ಟುತ್ತಿರಲಿಲ್ಲ.

ಹಾಗೆ ಒಡೆದು ಕೂರಿಸಿದ ಜಾಲರಿ ಕನ್ನಡದಲ್ಲಿ ಇಲ್ಲವೆಂದಲ್ಲ. ಕುಮುದೇಂದು ಮುನಿಯ 'ಸಿರಿಭೂವಲಯ'ದಲ್ಲಿ ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳ ಚಕ್ರಗಳಿವೆ. ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು. 27 ಸ್ವರ, 25 ವರ್ಗೀಯ ವ್ಯಂಜನ, 8 ಅವರ್ಗೀಯ, 4 ಯೋಗವಾಹ ಸೇರಿ ಆ 64. ಅಂದರೆ ಅಲ್ಲಿ ಒಂದು ಮನೆಗೆ ಒಂದು ಧ್ವನಿ. ಯಲ್ಲಪ್ಪ ಶಾಸ್ತ್ರಿಗಳ ಬಳಿ ಇದ್ದ ಆ ಕೃತಿ ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಅಚ್ಚಿಗೆ ಬಂತು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ಜಗಳ ಇಲ್ಲಿ ಬೇಡ. ಧ್ವನಿಗೊಂದು ಮನೆ ಎಂಬ ಹಾದಿಯೂ ಕನ್ನಡಕ್ಕೆ ಗೊತ್ತಿತ್ತು, ಪದಬಂಧ ಹಿಡಿದದ್ದು ಅಕ್ಷರದ ಹಾದಿಯನ್ನು, ಅಷ್ಟು ಸಾಕು.

ಆ ಅಕ್ಷರದ ಹಾದಿ ಬಹಳ ಸವೆದ ಹಾದಿ. ದಂಡಿಯ 'ಕಾವ್ಯಾದರ್ಶ' ಗೋಮೂತ್ರಿಕೆ, ಸರ್ವತೋಭದ್ರ ಮುಂತಾದ ಬಂಧಗಳನ್ನು ವಿವರಿಸಿ 16 ಬಗೆಯ ಪ್ರಹೇಲಿಕೆಗಳನ್ನು, ಅಂದರೆ ಒಗಟುಗಳನ್ನು, ಹೆಸರಿಸುತ್ತದೆ. ಅದರ ಜಾಡಿನಲ್ಲೇ ಹೊರಟ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಶಬ್ದಾಲಂಕಾರದ ಭಾಗದಲ್ಲಿ ಈ ಚಿತ್ರಕಾವ್ಯಕ್ಕೂ ಜಾಗ ಕೊಟ್ಟಿದೆ. ಪದ್ಮಬಂಧದ ಎಸಳಿಗೆ ಒಂದಕ್ಷರ, ಗೋಮೂತ್ರಿಕೆಯ ತಿರುವಿಗೆ ಒಂದಕ್ಷರ. ಅಡ್ಡಕ್ಕೂ ಉದ್ದಕ್ಕೂ ಒಂದೇ ಅಕ್ಷರ ದುಡಿಯಬೇಕೆಂಬ ಲೆಕ್ಕ ಅವರಿಗೆ ಆಗಲೇ ಕರಗತವಾಗಿತ್ತು. ಸಾವಿರ ವರ್ಷ ದಾಟಿದ ಮಾತು ಇದು.

ಬಾಣನ 'ಕಾದಂಬರಿ'ಯಲ್ಲಿ ಶೂದ್ರಕ ರಾಜ ಹೊತ್ತು ಕಳೆಯುವ ಆಟಗಳ ಪಟ್ಟಿ ಬರುತ್ತದೆ: ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಚ್ಯುತಕ, ಪ್ರಹೇಲಿಕೆ. ಏಳನೆಯ ಶತಮಾನದ ಆ ಪಟ್ಟಿಯನ್ನು ಓದಿದಾಗ ಇಂದಿನ ಸುಳಿವು ಕಟ್ಟುವವರ ಸಲಕರಣೆ ಪೆಟ್ಟಿಗೆಯೇ ತೆರೆದಂತಾಯಿತು. ಅಕ್ಷರ ಬೀಳಿಸುವುದು ಅಕ್ಷರಚ್ಯುತಕ: ಸಾಗರದ ನಡು ಬತ್ತಿದರೆ ತಿರುಳು ಉಳಿಯುತ್ತದೆ, ಸಾರ, ಅದೇ ಸಾಗರದ ತಲೆ ಹೋದರೆ ವಿಷ, ಗರ. ಕಾಗುಣಿತದ ಮಾತ್ರೆ ಕಳೆಯುವುದು ಮಾತ್ರಾಚ್ಯುತಕ: ಮೇಲೆ ಹೇಳಿದ ಮಾಲೆ, ಮಲೆ. ಸೊನ್ನೆ ಅಳಿಸುವುದು ಬಿಂದುಚ್ಯುತಕ: ಮಂಡಿಯ ಸೊನ್ನೆ ತೆಗೆದರೆ ಮಡಿ, ಗಂಡಿಯ ಸೊನ್ನೆ ತೆಗೆದರೆ ಗಡಿ. ಮಾತ್ರೆ ಮತ್ತು ಬಿಂದುವಿನ ಈ ಎರಡು ಆಟಗಳು ಇಂಗ್ಲಿಷಿನ ಜಾಲರಿಗೆ ಒದಗುವುದೇ ಇಲ್ಲ. ಅಲ್ಲಿ ಲೆಟರಿನ ಮೈಮೇಲೆ ಕಳೆಯಲು ಏನೂ ಇಲ್ಲ.

ತಿರುಗಿಸುವ ಆಟಕ್ಕಂತೂ ದೇಶಕ್ಕೆಲ್ಲ ಗೊತ್ತಿರುವ ಕತೆಯಿದೆ. ಬೇಡನೊಬ್ಬ 'ಮರಾ ಮರಾ' ಎಂದು ಜಪಿಸುತ್ತ ಹೋಗಿ ಅದು 'ರಾಮ ರಾಮ' ಆಯಿತು, ಅವನು ವಾಲ್ಮೀಕಿಯಾದ. ಅಕ್ಷರವನ್ನು ಇಡಿಯಾಗಿ ಹಿಡಿದದ್ದಕ್ಕೇ ಮರಾ ತಿರುಗಿ ರಾಮ ಆಗುವುದು. ಧ್ವನಿ ಧ್ವನಿಯಾಗಿ ತಿರುಗಿಸಿದ್ದರೆ 'ಆರಮ್' ಎಂದು ಬಂದು ಕತೆ ಅಲ್ಲೇ ನಿಲ್ಲುತ್ತಿತ್ತು. ಹಾಗೆಯೇ 'ಸದಾ' ತಿರುಗಿದರೆ ದಾಸ. ವಿಕಟಕವಿ ಯಾವ ಕಡೆಯಿಂದ ಓದಿದರೂ ವಿಕಟಕವಿಯೇ.

ಬೆಳಗಾವಿಯಲ್ಲಿ ಈ ಆಟಕ್ಕೆ ಇನ್ನೊಂದು ಮಗ್ಗುಲಿದೆ. ನಮ್ಮ ಪಕ್ಕದ ಮನೆಯ ಕಾಕು ಮರಾಠಿ ಪೇಪರಿನ ಶಬ್ದಕೋಡೆ ಬಿಡಿಸುತ್ತಾರೆ. ಅಲ್ಲಿಯೂ ಒಂದು ಚೌಕಕ್ಕೆ ಒಂದು ಅಕ್ಷರ, ನಿಯಮ ಒಂದೇ. ಒಂದು ದಿನ ಕಾಂಪೌಂಡಿನ ಗೋಡೆ ಬಳಿ ನಿಂತು ಕೇಳಿದೆ: "ಕಾಕೂ, ಹೊಳಿ ಹಿಂದಕ್ಕ ಹರದ್ರ ದಿವಸ ಆಗ್ತದ ಅಂತ ನಮ್ಮ ಪೇಪರಿನ್ಯಾಗ ಕೊಡಬಹುದರಿ. ನದಿ ತಿರುಗಿದ್ರ ದಿನ." ಕಾಕು ಪೆನ್ಸಿಲಿನಿಂದ ಪೇಪರಿನ ಅಂಚಿಗೆ ಬರೆದು ನೋಡಿದರು. "ನಮ್ಮದರಾಗ ಹಂಗ ಆಗೂದಿಲ್ಲಪಾ. ನಮ್ಮ ನದೀಗೆ ದೀರ್ಘ ಐತಿ. ತಿರುಗಿಸಿದ್ರ ದೀನ ಆಗ್ತೈತಿ. ಗರೀಬ."

ಎಷ್ಟು ನಿಜ! ಎರಡೂ ನುಡಿಗೆ ನದಿ ಒಂದೇ, ಬರೆಯುವಾಗ ಕೊನೆಯ ಇಕಾರ ಒಂದರಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ಹಿಂದಕ್ಕೆ ಹರಿಸಿದರೆ ಕನ್ನಡದ ಚೌಕದಲ್ಲಿ ದಿನ, ಮರಾಠಿಯ ಚೌಕದಲ್ಲಿ ದೀನ. ಒಂದು ಮಾತ್ರೆಯ ವ್ಯತ್ಯಾಸ ಉತ್ತರವನ್ನೇ ಬದಲಿಸಿತು. ಸುಳಿವನ್ನು ಅನುವಾದಿಸಲು ಬರುವುದಿಲ್ಲ, ಆಯಾ ನುಡಿಯಲ್ಲೇ ಹೊಸದಾಗಿ ಕಟ್ಟಬೇಕು ಎಂಬುದು ನನಗೆ ಮನದಟ್ಟಾದದ್ದು ಆ ಗೋಡೆಯ ಬಳಿ. ಅಂದಿನಿಂದ ಕಾಕುವಿಗೂ ನನಗೂ ಇದೇ ಮಾತು. ಮದುವೆಯಲ್ಲಿ ಗಂಡನ ಹೆಸರನ್ನು ಸಾಲಿನೊಳಗೆ ಹುದುಗಿಸಿ ಹೇಳುವುದನ್ನು ನಾವು ಒಡಪು ಅನ್ನುತ್ತೇವೆ, ಅವರು ಉಖಾಣಾ ಅನ್ನುತ್ತಾರೆ. ಲಾವಣಿಯ ಮೇಳಗಳು ರಾತ್ರಿಯಿಡೀ ಸವಾಲು ಜವಾಬು ಹಾಡುವ ಸೀಮೆ ಇದು. ಮಾತನ್ನು ಮುಚ್ಚಿಟ್ಟು ಎದುರಿನವರಿಂದ ತೆಗೆಸುವ ಚಟ ಇಲ್ಲಿನ ಮಣ್ಣಿಗೆ ಹೊಸದಲ್ಲ.

ಕನ್ನಡದ ಪತ್ರಿಕೆಗಳಲ್ಲಿ ಪದಬಂಧವನ್ನು ದಿನನಿತ್ಯದ ಅಭ್ಯಾಸ ಮಾಡಿದವರಲ್ಲಿ ಅ.ನಾ. ಪ್ರಹ್ಲಾದರಾವ್ ದೊಡ್ಡ ಹೆಸರು. ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ 1953ರಲ್ಲಿ ಹುಟ್ಟಿದ ಅವರು ವಾರ್ತಾ ಇಲಾಖೆಯಲ್ಲಿದ್ದುಕೊಂಡು 1980ರ ದಶಕದಿಂದ ಪದಬಂಧ ಕಟ್ಟುತ್ತ ಬಂದವರು. ಸಂಖ್ಯೆ ಹತ್ತಾರು ಸಾವಿರ ದಾಟಿ ಲಿಮ್ಕಾ ದಾಖಲೆ ಪುಸ್ತಕ ಸೇರಿತು. ಐನೂರು ಅಕ್ಷರಗಳ ನಡುವೆ ದಿನಾ ಒಂದು ಜಾಲರಿ ಹೆಣೆಯುವುದು ಎಂಥ ದುಡಿಮೆ ಎಂದು ಒಮ್ಮೆ ಕೈಹಾಕಿದವರಿಗಷ್ಟೇ ಗೊತ್ತು.

ಇಷ್ಟೆಲ್ಲ ಇದ್ದೂ ನಮ್ಮ ಪದಬಂಧಗಳಲ್ಲಿ ಬಹುಪಾಲು ಇನ್ನೂ 'ಬೆಟ್ಟ, ಎರಡು ಚೌಕ' ಜಾತಿಯ ಸುಳಿವೇ ಕಾಣುವುದು ನನಗೆ ಸಂಕಟ. ಅಲ್ಲಲ್ಲಿ 'ತಿರುಗಿದೆ', 'ಚದುರಿದೆ' ಎಂಬ ಸೂಚನೆ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಸಂಧಿಯನ್ನಂತೂ ಯಾರೂ ಸರಿಯಾಗಿ ದುಡಿಸಿಕೊಂಡಿಲ್ಲ. ಇಂಗ್ಲಿಷಿನಲ್ಲಿ ಎರಡು ತುಂಡು ಜೋಡಿಸಿದರೆ ಬರೇ ಪಕ್ಕಪಕ್ಕ ನಿಲ್ಲುತ್ತವೆ. ಕನ್ನಡದಲ್ಲಿ ತುಂಡುಗಳು ಒಂದಕ್ಕೊಂದು ತಾಗಿ ಕರಗುತ್ತವೆ. ನಮ್ಮ ಜಿಲ್ಲೆಯ ನಕ್ಷೆ ಒಂದೇ ಸಾಕು. ಬೇರುಸಮೇತ ತೆಗೆದ ಹಳ್ಳಿಯನ್ನು ಚೆನ್ನಮ್ಮ ಆಳಿದಳು: ಕಿತ್ತು, ಊರು, ಕಿತ್ತೂರು. ಹಸುವಿನ ಹಿಂದೆ ಕಾಗೆ ಬಂದರೆ ಕರದಂಟು: ಗೋ, ಕಾಕ, ಗೋಕಾಕ. ಊಟದ ಮನೆಯ ವಳಿ ತೆಗೆದು ಪುರ ಹಚ್ಚಿದರೆ ತಾಲ್ಲೂಕು: ಖಾನಾವಳಿಯಿಂದ ಖಾನಾಪುರ. ಕೃಷ್ಣನ ಸಾಕುತಂದೆಯ ಕೋಟೆಯಲ್ಲಿ 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದರು: ನಂದ, ಗಡ, ನಂದಗಡ. ಇವುಗಳಲ್ಲಿ ಕಿತ್ತೂರು, ಬೆಳಗಾವಿ ಎರಡೂ ಲೋಪಸಂಧಿಯ ಸುಳಿವುಗಳು. ಸಂಧಿ ಬಿಡಿಸಿದವರಿಗೇ ಉತ್ತರ.

ಪತ್ರಿಕೆಯವರಲ್ಲಿ ನನ್ನದೊಂದು ಬೇಡಿಕೆ. ವಾರಕ್ಕೆ ಒಂದು ದಿನವಾದರೂ ಇಂಥ ಸುಳಿವುಗಳದೇ ಪದಬಂಧ ಹಾಕಿ, ಮರುದಿನ ಬರೇ ಉತ್ತರ ಕೊಡದೆ ಅದು ಹೇಗೆ ಬಂತೆಂಬುದನ್ನೂ ಒಂದೊಂದು ಸಾಲಿನಲ್ಲಿ ಅಚ್ಚು ಮಾಡಿ. ಸಾರ ಯಾಕೆ, ಗರ ಯಾಕೆ ಎಂದು ಓದುಗರಿಗೆ ಗೊತ್ತಾಗಲಿ. ಏಳನೇ ಈಯತ್ತೆಯ ಕನ್ನಡ ಮೇಷ್ಟ್ರು ಆ ಪುಟವನ್ನು ಕತ್ತರಿಸಿ ಸಂಧಿ ಪಾಠಕ್ಕೆ ಒಯ್ಯಬಹುದು. ಮಕ್ಕಳು ತಮ್ಮ ತಮ್ಮ ಊರಿನ ಹೆಸರನ್ನು ಎಲ್ಲಿ ಒಡೆಯಬಹುದೆಂದು ಪಾಟಿಯ ಮೇಲೆ ಗೀಚಲಿಕ್ಕೆ ಶುರು ಮಾಡುತ್ತಾರೆ.